ಮಣ್ಣು ಎಂದು ಬರೆಯಬಾರದಿತ್ತು

ನಮ್ಮ ಮನೆಯಲ್ಲಿ ಕಾಗದಪತ್ರದ ಕೆಲಸವೆಲ್ಲ ನನ್ನ ಪಾಲಿಗೇ ಬರುತ್ತದೆ. ರೇಷನ್ ಕಾರ್ಡಿನ ಅರ್ಜಿಯಿಂದ ಹಿಡಿದು ಹಜ್ ಫಾರ್ಮಿನವರೆಗೆ ಏನೇ ಇರಲಿ, "ಅವಳಿಗೆ ಕೊಡಿ, ಬರೆಯುವವಳು ಅವಳೇ" ಎನ್ನುತ್ತಾರೆ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ ಓದಿದ್ದು, ಒಂದಷ್ಟು ಕಥೆಗಳು ಪತ್ರಿಕೆಗಳಲ್ಲಿ ಬಂದದ್ದು ಈ ಹೊಣೆಗೆ ಕಾರಣ. ಕಥೆ ಬರೆಯಬಲ್ಲವರು ಅರ್ಜಿಯನ್ನೂ ಚೆನ್ನಾಗಿ ಬರೆಯುತ್ತಾರೆ ಎಂಬ ನಂಬಿಕೆ ಎಷ್ಟು ತಪ್ಪು ಎಂಬುದು 2023ರ ಚಳಿಗಾಲದಲ್ಲಿ ನನಗೆ ತಿಳಿಯಿತು. ಅದರ ಬೆಲೆ ತೆತ್ತವರು ಮಾತ್ರ ನನ್ನ ಅಣ್ಣ.

ನಮ್ಮದು ಬೀದರ್. ಭಾಯಿಜಾನ್ ಬಿದ್ರಿ ಕೆಲಸಗಾರರು. ಅಬ್ಬಾ ಮಾಡುತ್ತಿದ್ದುದೂ ಅದೇ ಕೆಲಸ. ಆ ವರ್ಷ ಅಮೆರಿಕದಿಂದ ಒಂದು ಆರ್ಡರ್ ಬಂತು. ಅಣ್ಣನ ಮಗ ಇಂಟರ್‌ನೆಟ್ ಮಾರುಕಟ್ಟೆಯೊಂದರಲ್ಲಿ ಹಾಕಿದ್ದ ಚಿತ್ರಗಳನ್ನು ನೋಡಿ ಅಲ್ಲಿನ ಒಬ್ಬ ತಾಯಿ ಮಗಳ ಮದುವೆಯ ಉಡುಗೊರೆಗೆಂದು ಒಂದು ಜೋಡಿ ಹೂದಾನಿ ಕೇಳಿದ್ದರು. ಬೆಲೆ ಇಪ್ಪತ್ತೆರಡು ಸಾವಿರ ರೂಪಾಯಿ. ಅಂಗಡಿಯವರಿಗೆ ಕೊಟ್ಟರೆ ಇದರ ಅರ್ಧವೂ ಕೈಗೆ ಬರುತ್ತಿರಲಿಲ್ಲ. ಸುಮಾರು ಎರಡು ತಿಂಗಳು ಅಣ್ಣ ಅದರ ಮೇಲೆಯೇ ಕೂತರು. ಹೂದಾನಿ ಸಿದ್ಧವಾದ ದಿನ ಭಾಭಿ ಖೀರು ಮಾಡಿದ್ದರು.

ಕೊರಿಯರಿನ ಫಾರ್ಮು ನನ್ನ ಅಡುಗೆಮನೆಯ ಮೇಜಿಗೆ ಬಂತು. ಹೆಸರು, ವಿಳಾಸ, ಬೆಲೆ ಎಲ್ಲ ತುಂಬಿದ ಮೇಲೆ "ವಸ್ತುವಿನ ವಿವರ" ಎಂಬ ಅಂಕಣ ಸಿಕ್ಕಿತು. ಅದನ್ನು ಕಂಡದ್ದೇ ನನ್ನೊಳಗಿನ ಕಥೆಗಾರ್ತಿ ಎದ್ದು ಕೂತಳು. ಸತು ಮತ್ತು ತಾಮ್ರದಲ್ಲಿ ಕೈಯಿಂದಲೇ ಎರಕ ಹೊಯ್ದು, ಶುದ್ಧ ಬೆಳ್ಳಿಯನ್ನು ಕೂರಿಸಿ, ಐನೂರು ವರ್ಷಕ್ಕೂ ಹಳೆಯದಾದ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಜೋಡಿ ಹೂದಾನಿ ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆದೆ. ಅಂಕಣದಲ್ಲಿ ಜಾಗ ಸಾಲದೆ ಅಕ್ಷರಗಳನ್ನು ಚಿಕ್ಕದು ಮಾಡಿದೆ. ಬರೆದು ಮುಗಿಸಿ ಎರಡು ಸಲ ಓದಿಕೊಂಡೆ. ಚೆನ್ನಾಗಿದೆ ಎನಿಸಿತು.

ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಬಿದ್ರಿ ಕೆಲಸ ನೋಡದವರಿಗಾಗಿ ಹೇಳುತ್ತೇನೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಮರಳಿನ ಅಚ್ಚಿನಲ್ಲಿ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಬಳಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಚೂಪಾದ ಕಡ್ಡಿಯಿಂದ ಬಳ್ಳಿ, ಹೂವು, ಎಲೆ ಗೀಚಿ, ಗೀಚಿದ ಗೆರೆಯ ಗುಂಟ ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಕಪ್ಪು ಹೋಗಿ, ಬೆಳ್ಳಿ ಯಾವುದು ಸತು ಯಾವುದು ಎಂದು ಕಣ್ಣಿಗೆ ತಿಳಿಯದಂತಾಗುತ್ತದೆ. ಕೊನೆಯಲ್ಲಿ ಕೋಟೆಯೊಳಗಿನ, ಬಹುಕಾಲ ಮಳೆ ಬಿಸಿಲು ತಾಗದ ಜಾಗದ ಮಣ್ಣಿಗೆ ನವಸಾಗರ ಬೆರೆಸಿ ನೀರಿನಲ್ಲಿ ಕಾಯಿಸಿ ಪಾತ್ರೆಯನ್ನು ಅದರಲ್ಲಿ ಅದ್ದುತ್ತಾರೆ. ಆಗ ಸತುವಿನ ಮೈಯಷ್ಟೇ ಕಾಯಂ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಅಬ್ಬಾ ಮಣ್ಣನ್ನು ನಾಲಿಗೆಯ ತುದಿಗೆ ಇಟ್ಟು ನೋಡಿ ಆರಿಸುತ್ತಿದ್ದರು. ಆ ಮಣ್ಣಿಲ್ಲದಿದ್ದರೆ ಬಿದ್ರಿಯೇ ಇಲ್ಲ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದೂ ಈ ಊರಿನೊಡನೆ ಅದಕ್ಕಿರುವ ನಂಟಿನಿಂದಲೇ.

ಆದರೆ ಪರದೇಶದ ಸುಂಕದ ಕಟ್ಟೆಯಲ್ಲಿ ಮಣ್ಣು ಎಂಬ ಶಬ್ದಕ್ಕೆ ಬೇರೆಯೇ ಅರ್ಥವಿದೆ. ಮಣ್ಣಿನಲ್ಲಿ ಕೀಟ, ಕಳೆಯ ಬೀಜ, ಬೆಳೆಯ ರೋಗಾಣು ಇರಬಹುದು. ಅಮೆರಿಕವೂ ಸೇರಿ ಅನೇಕ ದೇಶಗಳು ಹೊರಗಿನ ಮಣ್ಣನ್ನು ಅನುಮತಿಯಿಲ್ಲದೆ ಒಳಗೆ ಬಿಡುವುದಿಲ್ಲ. ನಮ್ಮ ಪಾರ್ಸೆಲ್ ಸಮುದ್ರ ದಾಟಿ, ನಿಂತಿತು. ಅಣ್ಣನ ಮಗ ಮೊಬೈಲಿನಲ್ಲಿ ದಿನವೂ ನೋಡಿ ಹೇಳುತ್ತಿದ್ದ, "ಫುಪ್ಪೀ, ಇನ್ನೂ ಅಲ್ಲೇ ಇದೆ." ಹತ್ತು ದಿನಗಳ ಮೇಲೆ ಒಂದು ಪ್ರಶ್ನಾವಳಿ ಬಂತು. ಮಣ್ಣು ಎಷ್ಟು ತೂಕ? ಯಾವ ಬಗೆಯದು? ಪ್ರಮಾಣಪತ್ರ ಎಲ್ಲಿ? ಮಣ್ಣು ತೊಳೆದು ಹೋಗಿದೆ, ಪಾತ್ರೆಯಲ್ಲಿ ಕಣವೂ ಇಲ್ಲ ಎಂದು ಬರೆದೆವು. ಮತ್ತೊಂದು ಪ್ರಶ್ನೆ ಬಂತು. ಅಷ್ಟರಲ್ಲಿ ಅಲ್ಲಿ ಮದುವೆ ಮುಗಿದಿತ್ತು. ಆ ತಾಯಿ ಬೇಸರದಿಂದಲೇ, ಆದರೆ ಮರ್ಯಾದೆಯಿಂದ, ಆರ್ಡರ್ ರದ್ದು ಮಾಡಿದರು. ಮಾರುಕಟ್ಟೆಯವರು ಅಣ್ಣನ ಖಾತೆಯಿಂದ ಹಣ ಹಿಂದಕ್ಕೆ ಕೊಟ್ಟರು.

ಇನ್ನು ಉಳಿದದ್ದು ಹೂದಾನಿ. ವಾಪಸು ತರಿಸಿಕೊಳ್ಳಬೇಕಾದರೆ ಹೋಗುವ ಬಾಡಿಗೆಗಿಂತ ಬರುವ ಬಾಡಿಗೆ ಹೆಚ್ಚು. ಬಂದ ಮೇಲೆ ಇದು ನಾವೇ ಕಳಿಸಿದ್ದ ಮಾಲು ಎಂದು ನಮ್ಮ ಸುಂಕದವರಿಗೆ ದಾಖಲೆ ತೋರಿಸಬೇಕು, ಇಲ್ಲವಾದರೆ ನಮ್ಮದೇ ಪಾತ್ರೆಗೆ ಆಮದು ಸುಂಕ. ಅಣ್ಣ ಯಾರದೋ ಮದುವೆಯ ಕಾರ್ಡಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಎರಡು ಸಲ ಕೂಡಿದರು. ಆಮೇಲೆ "ಬಿಟ್ಟುಬಿಡು" ಎಂದರು. ಬಿಟ್ಟುಬಿಡುವುದಕ್ಕೂ ಒಂದು ಕಾಗದ ಬೇಕಿತ್ತು. ಈ ವಸ್ತುವನ್ನು ನಾಶಪಡಿಸಲು ನನ್ನ ಒಪ್ಪಿಗೆ ಇದೆ ಎಂಬ ಸಾಲನ್ನು ಬರೆದದ್ದೂ ನಾನೇ. ಅಣ್ಣ ಸಹಿ ಮಾಡಿ ನನ್ನ ಮುಖ ನೋಡಿ ನಕ್ಕರು. "ಮಿಟ್ಟಿ ಲಿಖ್ಕೆ ಮಿಟ್ಟಿ ಮೆ ಮಿಲಾ ದೀ" ಎಂದರು. ಮಣ್ಣು ಅಂತ ಬರೆದು ಮಣ್ಣುಪಾಲು ಮಾಡಿದೆ ಎಂದರ್ಥ. ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆಮೇಲೆ ನಾನು ಈ ಸಾಗಣೆಯ ಲೋಕದ ಬಗ್ಗೆ ಓದತೊಡಗಿದೆ. ತಪ್ಪು ಮಾಡಿದವರು ಓದುವ ರೀತಿಯಲ್ಲಿ, ಪೆನ್ನು ಹಿಡಿದು ಓದಿದೆ. ಮೊದಲು ತಿಳಿದದ್ದು, ಆ ಅಂಕಣ ವರ್ಣನೆಗಾಗಿ ಇಟ್ಟದ್ದಲ್ಲ ಎಂಬುದು. ಲೋಕದ ಪ್ರತಿಯೊಂದು ಮಾಲಿಗೂ ಒಂದು ಸಂಖ್ಯೆಯಿದೆ. ಮೊದಲ ಆರು ಅಂಕಿ ಬಹುತೇಕ ಎಲ್ಲ ದೇಶಗಳಿಗೂ ಒಂದೇ. 1988ರಿಂದ ಜಾರಿಯಲ್ಲಿರುವ ಒಪ್ಪಂದ ಅದು. ಆಮೇಲಿನ ಅಂಕಿಗಳನ್ನು ಆಯಾ ದೇಶ ಸೇರಿಸಿಕೊಳ್ಳುತ್ತದೆ. ಸರಿಯಾದ ಸಂಖ್ಯೆ, "ಲೋಹದ ಅಲಂಕಾರಿಕ ವಸ್ತು" ಎಂಬ ಮೂರು ಶಬ್ದ, ಬೆಲೆ, ಇಷ್ಟಿದ್ದರೆ ಪೆಟ್ಟಿಗೆ ಮುಂದೆ ಹೋಗುತ್ತದೆ.

ಎರಡನೆಯದು ತೂಕದ ವಿಷಯ. ತಕ್ಕಡಿಯಲ್ಲಿ ನಮ್ಮ ಪೆಟ್ಟಿಗೆ ನಾಲ್ಕು ಕಿಲೋ ಇತ್ತು. ಬಾಡಿಗೆ ಹಾಕಿದ್ದು 7.2 ಕಿಲೋಗೆ. ಮೋಸ ಎಂದುಕೊಂಡಿದ್ದೆವು. ಆದರೆ ಅದು ಈ ವ್ಯವಹಾರದ ಸಾಮಾನ್ಯ ನಿಯಮ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ನಮ್ಮದು 30, 30, 40ರ ಪೆಟ್ಟಿಗೆ. ಹೂದಾನಿಯ ಒಳಗಿನ ಟೊಳ್ಳಿಗೂ, ಸುತ್ತ ತುಂಬಿದ ಥರ್ಮಾಕೋಲಿಗೂ ನಾವು ವಿಮಾನದ ಬಾಡಿಗೆ ಕೊಟ್ಟಿದ್ದೆವು.

ಇಂದಿನ ಸಾಗಣೆಯ ಜೀವಾಳವೇ ಈ ಅಳತೆ. 1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ 'ಐಡಿಯಲ್ ಎಕ್ಸ್' ಎಂಬ ಹಡಗು 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಅದನ್ನು ಕಳಿಸಿದವನು ಮಾಲ್ಕಂ ಮೆಕ್‌ಲೀನ್ ಎಂಬ ಲಾರಿ ಮಾಲೀಕ. ಅದುವರೆಗೆ ಮೂಟೆ, ಪೀಪಾಯಿ, ಗಂಟುಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊತ್ತು ಹಡಗು ತುಂಬಬೇಕಿತ್ತು, ವಾರವೇ ಹಿಡಿಯುತ್ತಿತ್ತು. ಬಿಡಿ ಮಾಲು ತುಂಬಲು ಟನ್ನಿಗೆ 5.83 ಡಾಲರ್ ತಗಲುತ್ತಿದ್ದಲ್ಲಿ ಪೆಟ್ಟಿಗೆಯಿಂದ ಅದು 16 ಸೆಂಟಿನಷ್ಟಕ್ಕೆ ಇಳಿಯಿತೆಂದು ಈ ಇತಿಹಾಸ ಬರೆದವರು ಹೇಳುತ್ತಾರೆ. ಲಾರಿ, ರೈಲು, ಹಡಗು ಮೂರಕ್ಕೂ ಒಂದೇ ಅಳತೆಯ ಪೆಟ್ಟಿಗೆ ಎಂದಾದ ಮೇಲೆ ಲೋಕ ಚಿಕ್ಕದಾಯಿತು. ಬಂದರುಗಳಲ್ಲಿ ಸಾವಿರಾರು ಹಮಾಲರ ಕೆಲಸವೂ ಹೋಯಿತು. ಇವೆರಡನ್ನೂ ಒಟ್ಟಿಗೇ ಹೇಳಬೇಕು.

ಅಣ್ಣನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಹೆಚ್ಚು ಮಾತಾಡಲಿಲ್ಲ. ಒಂದು ರಟ್ಟಿನ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. ಮುಂದಿನ ತಿಂಗಳು ಅವರ ಕೆಲಸದ ಆಕಾರ ಬದಲಾಗಿತ್ತು. ಚಪ್ಪಟೆ ತಟ್ಟೆ, ಒಂದರೊಳಗೊಂದು ಕೂರುವ ಮೂರು ಡಬ್ಬಿ, ಪೆನ್ ಡ್ರೈವಿನ ಕವಚ, ಕಿವಿಯೋಲೆ. ಟೊಳ್ಳಿಗೆ ಬಾಡಿಗೆ ಕೊಡುವ ಪ್ರಮೇಯವೇ ಇಲ್ಲ. ಅಬ್ಬಾನ ಕಾಲದ ಹುಕ್ಕಾ ಬುಡವನ್ನಾಗಲಿ ಉದ್ದ ಕತ್ತಿನ ಸುರಾಹಿಯನ್ನಾಗಲಿ ಅವರು ಈಗ ಹೊರದೇಶಕ್ಕೆಂದು ಮಾಡುವುದಿಲ್ಲ. ಇದನ್ನು ಹೊಸತನ ಎನ್ನಬೇಕೋ ನಷ್ಟ ಎನ್ನಬೇಕೋ ಎಂದು ಕೇಳಿದರೆ ಭಾಭಿ, "ಮನೆಗೆ ಅಕ್ಕಿ ಬರ್ತಿದೆಯಲ್ಲ" ಎನ್ನುತ್ತಾರೆ.

ದೂರದ ವ್ಯಾಪಾರ ನಮ್ಮೂರಿಗೆ ಹೊಸದಲ್ಲ. ಬಹಮನಿ ಸುಲ್ತಾನರ ಪ್ರಧಾನಿ ಮಹಮೂದ್ ಗವಾನ್ ಮೂಲತಃ ಇರಾನಿನ ಗೀಲಾನಿನಿಂದ ಸಮುದ್ರ ದಾಟಿ ಬಂದ ವ್ಯಾಪಾರಿ. ಅವನಿಗಿದ್ದ ಬಿರುದು ಮಲಿಕ್ ಉತ್ ತುಜ್ಜಾರ್, ವ್ಯಾಪಾರಿಗಳ ಒಡೆಯ. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಗೋಡೆಯ ಬಣ್ಣದ ಹಂಚುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಅವನ ಮೊಹರನ್ನು ದುರುಪಯೋಗಪಡಿಸಿ ಸೃಷ್ಟಿಸಿದ ಖೋಟಾ ಪತ್ರವೊಂದನ್ನು ನಂಬಿ 1481ರಲ್ಲಿ ಸುಲ್ತಾನ ಅವನನ್ನು ಕೊಲ್ಲಿಸಿದ. ಒಂದು ಕಾಗದ ಏನು ಮಾಡಬಲ್ಲದು ಎಂಬುದು ಬೀದರಿನವರಿಗೆ ಅಂದಿನಿಂದಲೇ ಗೊತ್ತು.

ಗವಾನನ ಕಾಲದಲ್ಲೇ, 1470ರ ಆಸುಪಾಸಿನಲ್ಲಿ, ರಷ್ಯಾದ ತ್ವೇರ್ ಎಂಬ ಊರಿನ ಅಫನಾಸಿ ನಿಕಿತಿನ್ ಎಂಬ ಸಣ್ಣ ವ್ಯಾಪಾರಿ ಇಲ್ಲಿಗೆ ಬಂದಿದ್ದ. ವೋಲ್ಗಾ ನದಿಯ ದಾರಿಯಲ್ಲೇ ಅವನ ಮಾಲು ಲೂಟಿಯಾಗಿತ್ತು. ಹಿಂದಿರುಗಿದರೆ ಸಾಲಗಾರರ ಕಾಟ ಎಂದು ಮುಂದೆ ನಡೆದು, ಹೊರ್ಮುಜ್‌ನಿಂದ ಒಂದು ಕುದುರೆಯೊಂದಿಗೆ ಹಡಗು ಹತ್ತಿ, ಕೊಂಕಣದ ಚೌಲ್ ಬಂದರಿಗೆ ಇಳಿದ. ಜುನ್ನರಿನ ಖಾನ ಆ ಕುದುರೆಯನ್ನು ಕಸಿದುಕೊಂಡ. ಇಸ್ಲಾಮ್ ಸ್ವೀಕರಿಸಿದರೆ ಕುದುರೆಯ ಜೊತೆಗೆ ಸಾವಿರ ಹೊನ್ನು ಎಂದ. ಖುರಾಸಾನಿನ ಒಬ್ಬ ಮುಸ್ಲಿಂ ಗೃಹಸ್ಥರು ಮಧ್ಯೆ ಬಂದು, ಅವನ ಧರ್ಮ ಅವನಿಗಿರಲೆಂದು ಬಿಡಿಸಿ ಕುದುರೆಯನ್ನು ಕೊಡಿಸಿದರು. ಕೊನೆಗೆ ಅದನ್ನು ಅವನು ಬೀದರಿನಲ್ಲಿ ಮಾರಿದ. ಅಷ್ಟು ದಿನ ಅದಕ್ಕೆ ಹಾಕಿದ ಮೇವಿನ ಲೆಕ್ಕವನ್ನೂ ಬರೆದಿಟ್ಟಿದ್ದಾನೆ. ತನ್ನ ನಾಡಿಗೆ ಒಯ್ಯಬಹುದಾದ ಮಾಲು ಇಲ್ಲಿಲ್ಲ, ಸುಂಕ ಬಹಳ, ಸಮುದ್ರದಲ್ಲಿ ದರೋಡೆಕೋರರು ಬಹಳ ಎಂದು ಗೊಣಗಿದ್ದಾನೆ. ಅವನು ಊರು ತಲುಪಲಿಲ್ಲ. ದಾರಿಯಲ್ಲೇ ತೀರಿಕೊಂಡ. ತಲುಪಿದ್ದು ಅವನ ಬರಹ ಮಾತ್ರ.

ಐನೂರೈವತ್ತು ವರ್ಷಗಳಾದವು. 2021ರ ಮಾರ್ಚಿನಲ್ಲಿ ನಾನೂರು ಮೀಟರ್ ಉದ್ದದ 'ಎವರ್ ಗಿವನ್' ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ಲೋಕದ ವ್ಯಾಪಾರವನ್ನು ತಡೆದದ್ದನ್ನು ಟಿವಿಯಲ್ಲಿ ನೋಡಿದೆವು. 2023ರ ಕೊನೆಯಲ್ಲಿ, ಗಾಜಾದ ಯುದ್ಧ ಆರಂಭವಾದ ಮೇಲೆ, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದವು. ಬಹಳಷ್ಟು ಹಡಗುಗಳು ಆಫ್ರಿಕಾದ ತುದಿಯನ್ನು ಸುತ್ತಿಕೊಂಡು ಹೋಗಬೇಕಾಗಿ, ಪಯಣಕ್ಕೆ ಹತ್ತು ಹದಿನಾಲ್ಕು ದಿನ ಹೆಚ್ಚಿಗೆ ಹಿಡಿಯಿತು. ಇಂಥ ಹೊತ್ತಿನಲ್ಲಿ ದೊಡ್ಡ ಕಂಪನಿಗಳು ಬಾಡಿಗೆ ಏರಿಸುತ್ತವೆ, ವಿಮೆ ಮಾಡಿಸುತ್ತವೆ, ಬೇರೆ ದಾರಿ ಹಿಡಿಯುತ್ತವೆ. ನಿಕಿತಿನ್‌ಗೆ ಇದ್ದದ್ದು ಒಂದೇ ಕುದುರೆ. ಅಣ್ಣನಿಗೆ ಇದ್ದದ್ದು ಒಂದೇ ಜೋಡಿ ಹೂದಾನಿ.

ಉರ್ದು ಓದಿದವಳಾದ್ದರಿಂದ ಈ ಲೋಕದ ಶಬ್ದಗಳು ನನಗೆ ಬೇಗ ಪರಿಚಯವಾದವು. ನಾವು ಕನ್ನಡದಲ್ಲಿ ಆಡುವ ಬಂದರು, ರವಾನೆ, ರಸೀದಿ ಪಾರ್ಸಿಯಿಂದ ಬಂದವು. ಹಮಾಲಿ, ದಲಾಲಿ ಅರಬಿಯಿಂದ ಬಂದವು. ಹಳ್ಳಿಯ ಗಡಿಯಲ್ಲಿ ವಸೂಲು ಮಾಡುತ್ತಿದ್ದ ಜಕಾತಿ, ನಮ್ಮ ಝಕಾತ್ ಶಬ್ದವೇ. ಬಡವರಿಗೆ ಸಲ್ಲಬೇಕಾದ ಪಾಲು ಎಂಬ ಅರ್ಥದ ಶಬ್ದ, ಬಡವನ ಗಾಡಿಯನ್ನು ತಡೆದು ಕೀಳುವ ಹಣದ ಹೆಸರಾಯಿತು. ಇಂಗ್ಲಿಷಿನ ಟ್ಯಾರಿಫ್‌ನ ಮೂಲವೂ ಅರಬಿಯೇ. ನಾವು ಉರ್ದುವಿನಲ್ಲಿ ಹೊಗಳಿಕೆಗೆ ಹೇಳುವ ತಾರೀಫ್ ಅದರ ಹತ್ತಿರದ ನೆಂಟ. 2025ರಲ್ಲಿ ಆ ತಾರೀಫಿನ ಪೆಟ್ಟು ನಮ್ಮ ಓಣಿಗೂ ಬಿತ್ತು.

ಅದಕ್ಕೆ ಮುಂಚೆ ಒಂದು ಒಳ್ಳೆಯ ಕಾಲ ಬಂದಿತ್ತು ಎಂಬುದನ್ನು ಹೇಳಬೇಕು. 2022ರ ಕೊನೆಯಲ್ಲಿ ಅಂಚೆ ಇಲಾಖೆ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆಯತೊಡಗಿತು. ಮೊದಲು ಅಂಚೆಯಲ್ಲಿ ಮಾಲು ರಫ್ತು ಮಾಡುವವರು ಸುಂಕದ ಕೆಲಸಕ್ಕಾಗಿ ದೊಡ್ಡ ನಗರದ ವಿದೇಶಿ ಅಂಚೆ ಕಚೇರಿಗೆ ಅಲೆಯಬೇಕಿತ್ತು. ಈಗ ರಫ್ತಿನ ಪತ್ರವನ್ನು ಕಂಪ್ಯೂಟರಿನಲ್ಲೇ ತುಂಬಿ, ಪೆಟ್ಟಿಗೆಯನ್ನು ಕೇಂದ್ರದಲ್ಲಿ ಒಪ್ಪಿಸಿದರೆ ಸಾಕು. ಐನೂರು ರೂಪಾಯಿ ಶುಲ್ಕ ಕಟ್ಟಿ ಅಣ್ಣನ ಹೆಸರಿನಲ್ಲಿ ಆಮದು-ರಫ್ತು ಸಂಖ್ಯೆ ಮಾಡಿಸಿದೆವು. 2024ರಲ್ಲಿ ಅಣ್ಣ ತಿಂಗಳಿಗೆ ನಾಲ್ಕೈದು ಪಾರ್ಸೆಲ್ ಕಳಿಸಿದರು. ಎಲ್ಲವೂ ತಲುಪಿದವು. ಫಾರ್ಮು ತುಂಬುವವಳು ಈಗ ಮೂರೇ ಶಬ್ದ ಬರೆಯುತ್ತಿದ್ದಳು.

ಅಮೆರಿಕಕ್ಕೆ ಹೋಗುವ 800 ಡಾಲರ್‌ಗಿಂತ ಕಡಿಮೆ ಬೆಲೆಯ ಪೆಟ್ಟಿಗೆಗಳಿಗೆ 2016ರಿಂದ ಸುಂಕವಿರಲಿಲ್ಲ. ಚೀನಾದ ಅಗ್ಗದ ಬಟ್ಟೆಬರೆ ಮಾರುವ ದೈತ್ಯ ಕಂಪನಿಗಳು ಈ ಕಿಂಡಿಯಿಂದಲೇ ಒಳಹೊಕ್ಕಿದ್ದವು. ಒಂದೇ ವರ್ಷದಲ್ಲಿ ನೂರು ಕೋಟಿಗೂ ಹೆಚ್ಚು ಪೆಟ್ಟಿಗೆಗಳು ಹೀಗೆ ಬಂದವೆಂಬುದು ಅಲ್ಲಿನ ಸರ್ಕಾರದ್ದೇ ಲೆಕ್ಕ. ಆ ಕಿಂಡಿಯನ್ನು 2025ರ ಆಗಸ್ಟ್ 29ರಂದು ಎಲ್ಲ ದೇಶಗಳಿಗೂ ಮುಚ್ಚಿದರು. ಅದಕ್ಕೆ ಎರಡು ದಿನ ಮೊದಲು ಭಾರತದ ಬಹಳಷ್ಟು ಮಾಲುಗಳ ಮೇಲಿನ ಅಮೆರಿಕದ ಹೆಚ್ಚುವರಿ ಸುಂಕ ಶೇಕಡಾ 50 ಮುಟ್ಟಿತ್ತು. ಅಂಚೆಯ ಪೆಟ್ಟಿಗೆಯ ಸುಂಕವನ್ನು ಯಾರು, ಎಲ್ಲಿ, ಹೇಗೆ ವಸೂಲು ಮಾಡಬೇಕೆಂಬುದು ಸ್ಪಷ್ಟವಾಗದೆ ವಿಮಾನದವರು ಅಂಚೆಯ ಮಾಲು ಒಯ್ಯಲು ಹಿಂದೆಗೆದರು. ನಮ್ಮ ದೇಶವೊಂದೇ ಅಲ್ಲ, ಹತ್ತಾರು ದೇಶಗಳ ಅಂಚೆಯವರು ಅಮೆರಿಕಕ್ಕೆ ಪಾರ್ಸೆಲ್ ನಿಲ್ಲಿಸಿದರು. ನಮ್ಮಲ್ಲಿ ಅಕ್ಟೋಬರ್ 15ರಂದು ಮತ್ತೆ ಆರಂಭವಾಯಿತು. ಸುಂಕವನ್ನು ಕಳಿಸುವವರೇ ಇಲ್ಲಿ ಮುಂಗಡ ಕಟ್ಟುವ ಹೊಸ ಏರ್ಪಾಡು ಬಂತು.

ದೈತ್ಯರಿಗೆಂದು ಮುಚ್ಚಿದ ಬಾಗಿಲು ಭಾಯಿಜಾನ್‌ರ ಬೆರಳಿಗೆ ಬಡಿಯಿತು. ದೈತ್ಯ ಕಂಪನಿಗಳು ಅಲ್ಲೇ ಗೋದಾಮು ಮಾಡಿ ಮಾಲು ತುಂಬಿಟ್ಟುಕೊಳ್ಳಬಲ್ಲವು. ನಮ್ಮವರು ಸಿದ್ಧವಾಗಿದ್ದ ಆರು ಪೆಟ್ಟಿಗೆಗಳನ್ನು ಅಲ್ಮಾರಿಯ ಮೇಲಿಟ್ಟರು. ಅದೇ ವರ್ಷ ಬೆಳ್ಳಿಯ ಬೆಲೆ ದುಪ್ಪಟ್ಟಿಗೂ ಹೆಚ್ಚಾಯಿತು. ದರಗಳು ಮತ್ತೆ ಬದಲಾಗುತ್ತವೆ, ಈ ಲೇಖನ ಅಚ್ಚಾಗುವಷ್ಟರಲ್ಲೇ ಬದಲಾಗಲೂಬಹುದು. ಆದರೆ ಬದಲಾವಣೆಯ ಸುದ್ದಿ ತಿಳಿಯುವವರೆಗೆ ಬೆಳ್ಳಿಯ ಸಾಲದ ಕಂತು ಕಾಯುವುದಿಲ್ಲ.

ಅಣ್ಣನ ಮಗ ಬಿ.ಕಾಂ. ಮುಗಿಸಿದ್ದಾನೆ. ಉಳಿ ಹಿಡಿಯಲು ಬರುತ್ತದೆ, ಕೈ ಚೆನ್ನಾಗಿದೆ. ಆ ಚಳಿಗಾಲದಿಂದ ಅವನು ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡು ಬೈಕಿನಲ್ಲಿ ಊರಿನ ಮನೆಮನೆಗೆ ಪಾರ್ಸೆಲ್ ಮುಟ್ಟಿಸುತ್ತಾನೆ. ಪೆಟ್ಟಿಗೆಗೆ ಇಷ್ಟೆಂದು ಕೂಲಿ. ಪೆಟ್ರೋಲು ಅವನದೇ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹೋಗಿಬಂದದ್ದು ಗಾಳಿಗೆ. ಇಂಥವರಿಗಾಗಿ 2025ರಲ್ಲಿ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ಬಂದಿದೆ. ಅದರ ಪ್ರಯೋಜನ ಅವನ ಬೈಕಿನವರೆಗೆ ಬರಲಿ ಎಂದು ಹಾರೈಸುತ್ತೇನೆ. ಒಂದು ರಾತ್ರಿ ಊಟಕ್ಕೆ ಕೂತಾಗ ಅವನು ಹೇಳಿದ, "ಫುಪ್ಪೀ, ಎಲ್ಲಿಂದಲೋ ಬಂದ ಪಾರ್ಸೆಲ್‌ನ ನಾನು ಎರಡೇ ಗಂಟೆಯಲ್ಲಿ ಇಡೀ ಓಣಿಗೆ ಹಂಚ್ತೀನಿ. ನಮ್ಮನೆ ಪೆಟ್ಟಿಗೆ ಮಾತ್ರ ಅಲ್ಮಾರಿ ಮೇಲಿಂದ ಇಳಿಯಲ್ಲ." ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ.

ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತದ್ದು. ಬರೆಯುವವನು ನ್ಯಾಯದಿಂದ ಬರೆಯಬೇಕೆಂದೂ, ಅವನಿಗಾಗಲಿ ಸಾಕ್ಷಿಗಾಗಲಿ ತೊಂದರೆಯಾಗಬಾರದೆಂದೂ ಅದು ವಿಧಿಸುತ್ತದೆ. ಪ್ರವಾದಿ(ಸ)ಯವರು ತರುಣರಾಗಿದ್ದಾಗ ಹಝ್ರತ್ ಖದೀಜಾರ ಮಾಲನ್ನು ಒಯ್ದು ಸಿರಿಯಾದ ದಾರಿಯಲ್ಲಿ ವ್ಯಾಪಾರ ಮಾಡಿ ಬಂದವರು; ಜನ ಅವರನ್ನು ಅಲ್ ಅಮೀನ್ ಎಂದು ಕರೆಯುತ್ತಿದ್ದರು. ಇನ್ನೊಬ್ಬರ ಮಾಲು ಕೈಯಲ್ಲಿರುವಷ್ಟು ಹೊತ್ತು ಅದು ಅಮಾನತ್. ಮುದಾರಬಾ ಎಂಬ ಪಾಲುದಾರಿಕೆಯಲ್ಲಿ ಒಬ್ಬರದು ಬಂಡವಾಳ, ಇನ್ನೊಬ್ಬರದು ಶ್ರಮ. ಶ್ರಮಿಸಿದವನ ತಪ್ಪಿಲ್ಲದೆ ನಷ್ಟವಾದರೆ ಹಣದ ನಷ್ಟ ಬಂಡವಾಳದವನದು, ದುಡಿದವನ ದುಡಿಮೆ ಹೋದದ್ದೇ ಅವನ ನಷ್ಟ. ದಾರಿಯ ಅಪಾಯವನ್ನು ಹೊರಬಲ್ಲವರ ಹೆಗಲಿಗೆ ಹೊರಿಸಿದ ಏರ್ಪಾಡು ಅದು. ಇಂದಿನ ವ್ಯವಸ್ಥೆಯಲ್ಲಿ ಪೆಟ್ಟಿಗೆ ಯಾವ ಕ್ಷಣದಲ್ಲಿ ಎಲ್ಲಿದೆ ಎಂದು ಮೊಬೈಲು ಹೇಳುತ್ತದೆ. ಅದು ಕಳೆದರೆ, ತಡೆದರೆ, ತಿರುಗಿ ಬಂದರೆ ನಷ್ಟ ಮಾತ್ರ ಮಾಡಿದವನದು. ಮಾರುಕಟ್ಟೆಯವರ ಕಮಿಷನ್, ಸಾಗಣೆಯವರ ಬಾಡಿಗೆ, ಎರಡೂ ಸರ್ಕಾರಗಳ ಸುಂಕ ಮೊದಲೇ ಸಂದಿರುತ್ತವೆ. ಸಾಗಣೆಯಲ್ಲಿ ಇನ್ನೂ ಏನಾದರೂ ಹೊಸತನ ಆಗಬೇಕಿದ್ದರೆ ಇಲ್ಲೇ ಆಗಬೇಕು. ಒಂದು ಓಣಿಯ ಹತ್ತು ಮನೆಯವರು ಸೇರಿ ಒಂದೇ ಪೆಟ್ಟಿಗೆ, ಒಂದೇ ವಿಮೆ, ಒಂದೇ ರಫ್ತಿನ ಪತ್ರ ಮಾಡಿಕೊಳ್ಳುವುದಕ್ಕೆ ಯಂತ್ರವೇನೂ ಬೇಕಿಲ್ಲ. ನಾವು ಈಗ ನಾಲ್ಕು ಮನೆಯವರು ಸೇರಿದ್ದೇವೆ. ಲೆಕ್ಕದ ಪುಸ್ತಕ ನನ್ನ ಬಳಿ ಇದೆ.

ಮೊನ್ನೆ ಇಂಗ್ಲೆಂಡಿಗೆ ಹೋಗುವ ಒಂದು ಪೆಟ್ಟಿಗೆ ಕಟ್ಟಿದೆವು. ನಾಲ್ಕು ಮನೆಯ ತಟ್ಟೆ, ಡಬ್ಬಿ, ಓಲೆಗಳು ಅದರಲ್ಲಿವೆ. ಅಣ್ಣನ ಮಗ ಕೆಲಸಕ್ಕೆ ಹೊರಡುವ ಮೊದಲು ಟೇಪು ಸುತ್ತಿಕೊಟ್ಟ. ನಾನು ಫಾರ್ಮು ತುಂಬುತ್ತಿದ್ದಾಗ ಭಾಯಿಜಾನ್ ಕೈ ತೊಳೆಯದೆ ಹಾಗೆಯೇ ಬಂದು ಪಕ್ಕದಲ್ಲಿ ನಿಂತರು.

"ಮಣ್ಣಿನ ವಿಷಯ ಬರೆದಿಲ್ಲವಲ್ಲ?"

"ಇಲ್ಲ ಭಾಯಿಜಾನ್."

"ಒಳ್ಳೆಯದಾಯಿತು" ಎಂದು ಒಳಗೆ ಹೋದರು. ಅವರು ಊರಿದ್ದ ಕೈಯ ಕಪ್ಪು ಗುರುತು ಮೇಜಿನ ಮೇಲೆ ಉಳಿದಿತ್ತು. ಫಾರ್ಮಿಗೆ ತಾಗದಂತೆ ಅದನ್ನು ಒರೆಸಿದೆ.